ಕ್ಷಯರೋಗದ ಚಿಕಿತ್ಸೆ ಮತ್ತು ದಾಂಪತ್ಯ ಜೀವನ

ಕ್ಷಯರೋಗ ಬಂದ ಮಾತ್ರಕ್ಕೆ ದಾಂಪತ್ಯ ಸುಖವು ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಶ್ವಾಸಕೋಶದ ಕ್ಷಯವು ಕೆಮ್ಮು, ಸೀನುಗಳಿಂದ ಗಾಳಿಯ ಮೂಲಕ ಹರಡುತ್ತದೆ. ಆದುದರಿಂದ ಚಿಕಿತ್ಸೆಯ ಆರಂಭದಲ್ಲಿ ನಿಕಟ ಸಂಪರ್ಕದ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ದೇಹಕ್ಕೆ ಶಕ್ತಿ ಮರಳಿದಂತೆ ಆಸಕ್ತಿಯೂ ಮರಳುವುದು.

ಮಾತ್ರೆ ನುಂಗುವ ಸ್ತ್ರೀಯರು ಒಂದು ವಿಷಯವನ್ನು ಅರಿಯಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವು ಗರ್ಭನಿರೋಧಕ ಮಾತ್ರೆಯ ಹಾರ್ಮೋನುಗಳು ಯಕೃತ್ತಿನಲ್ಲಿ ಬೇಗನೆ ನಾಶವಾಗುವಂತೆ ಮಾಡುತ್ತದೆ. ಮಾತ್ರೆಯನ್ನು ತಪ್ಪದೆ ಸೇವಿಸಿದರೂ ಗರ್ಭ ನಿಲ್ಲಬಹುದು. ಹಾಗೆಂದು ಕ್ಷಯದ ಔಷಧವನ್ನು ನಿಲ್ಲಿಸಕೂಡದು. ಚಿಕಿತ್ಸೆಯ ಕಾಲದಲ್ಲಿಯೂ, ಅದು ಮುಗಿದ ಮೇಲೆ 4 ವಾರಗಳವರೆಗೂ ಪತಿಯು ನಿರೋಧ್ ಬಳಸುವುದು, ಇಲ್ಲವೇ ವೈದ್ಯರು ಒಪ್ಪಿದಲ್ಲಿ ಪತ್ನಿಯು ಕಾಪರ್-ಟಿ ಹಾಕಿಸಿಕೊಳ್ಳುವುದು ಕ್ಷೇಮಕರ.

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ದಂಪತಿಗಳು ಸಂಕೋಚ ತೊರೆದು ತಾಲ್ಲೂಕು ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬೇಕು.