ಆರು ನಗರಗಳ ಅಧ್ಯಯನ ಮತ್ತು ಪಿಎಂ 2.5
ವಾಯುಮಾಲಿನ್ಯ ಸಂಶೋಧನೆಯಲ್ಲಿ ತಪ್ಪದೇ ಓದಬೇಕಾದದ್ದು ಅಮೆರಿಕದ ಹಾರ್ವರ್ಡ್ ತಂಡದ ‘ಆರು ನಗರಗಳ ಅಧ್ಯಯನ’ (1993). ಡಗ್ಲಾಸ್ ಡಾಕರಿ ಮತ್ತು ಸಂಗಡಿಗರು 8,111 ವಯಸ್ಕರ ಆರೋಗ್ಯವನ್ನು 14ರಿಂದ 16 ವರ್ಷ ಗಮನಿಸಿದರು. ಧೂಮಪಾನ, ವಯಸ್ಸಿನಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಉಕ್ಕಿನ ಕಾರ್ಖಾನೆಗಳ ಊರಾದ ಸ್ಟೂಬೆನ್‌ವಿಲ್‌ನಲ್ಲಿ ಮರಣ ಪ್ರಮಾಣ ಮಾಲಿನ್ಯ ಅತಿ ಕಡಿಮೆಯಿದ್ದ ಪೋರ್ಟೇಜ್‌ಗಿಂತ ಶೇ 26ರಷ್ಟು ಹೆಚ್ಚಿತ್ತು. ನಿಕಟ ಸಂಬಂಧ ಕಂಡದ್ದು ಸೂಕ್ಷ್ಮ ಕಣಗಳ ಜೊತೆ. 2.5 ಮೈಕ್ರೊಮೀಟರ್‌ ವ್ಯಾಸ ಮೀರದ ಈ ಕಣಗಳು (ಪಿಎಂ 2.5) ಶ್ವಾಸಕೋಶದ ವಾಯುಕೋಶಗಳವರೆಗೆ ಇಳಿಯುತ್ತವೆ. ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿಯೇ ಹೊಗೆಯ ಪೆಟ್ಟು ಹೃದಯಕ್ಕೂ ತಟ್ಟುತ್ತದೆ. ಇಂಥ ಪುರಾವೆಗಳ ಬೆನ್ನಲ್ಲೇ 1997ರಲ್ಲಿ ಅಮೆರಿಕ ಪಿಎಂ 2.5ಕ್ಕೆ ಮಿತಿ ವಿಧಿಸಿತು.

ನೆನಪಿಡಿ: ಪಿಎಂ 2.5ರ ವಾರ್ಷಿಕ ಸರಾಸರಿ ಮಿತಿ ಪ್ರತಿ ಘನ ಮೀಟರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯದು (2021) 5 ಮೈಕ್ರೊಗ್ರಾಂ, ಭಾರತದ್ದು (2009) 40. ಎಂಟು ಪಟ್ಟಿನ ಈ ಅಂತರ ನಿಜಕ್ಕೂ ಕಳವಳದ ಸಂಗತಿ.