ಕೇಳದವರ ಮನೆಗೆ ಮೊದಲು ಹೋಗೋಣ

ಮಳೆಗಾಲ ಮುಗಿಯುತ್ತ ಬಂತು. ಹಿಂಗಾರಿ ಬಿತ್ತನೆಯ ಕಾಲ. ರಾಮದುರ್ಗದ ಎರೆಹೊಲದಲ್ಲಿ ಬಿಳಿಜೋಳಕ್ಕೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಒಳ್ಳೆಯ ಹದ. ಆ ದಿನಗಳಲ್ಲಿ ದುಡಿಯುವವರು ಹಾಸಿಗೆ ಹಿಡಿದರೆ ಮನೆಯ ವರ್ಷದ ರೊಟ್ಟಿಯೇ ಹೋದಂತೆ.

ಇದಕ್ಕೆಂದೇ ಹಿರಿಯರು ‘ಮುಯ್ಯಾಳು’ ಪದ್ಧತಿ ಇಟ್ಟಿದ್ದರು: ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಆದರೆ ತಿರುಗಿ ದುಡಿಯಲು ಆಗದವರ ಗತಿ? ಮನೆಭೇಟಿಗೆ ಹೋದಾಗ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು, “ಹ್ಯಾಂಗ ಕೇಳೂದ್ರಿ ಸಿಸ್ಟರ್? ಮುಯ್ಯಿ ತೀರ್ಸಾಕ ಎತ್ತೂ ಇಲ್ಲ, ಆಳೂ ಇಲ್ಲ” ಅಂದರು. ನಾವು ಸುಮ್ಮನಾದೆವು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಬೇರೆ ಊರುಗಳಿಂದ ರೊಟ್ಟಿ ಗಂಟು ಬಂದವು. ಆಗ ಯಾರೂ ಮುಯ್ಯಿ ಲೆಕ್ಕ ಹಿಡಿಯಲಿಲ್ಲ. ಮೇಲಾಗಿ, ಹೊಲಕ್ಕೆ ಹೋದವರ ಕೂಸು ನೋಡಿಕೊಳ್ಳುವುದು, ರೊಟ್ಟಿ ಬಡಿದುಕೊಡುವುದು ಕೂಡ ಮುಯ್ಯಿಯೇ.

ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಓಣಿಯವರನ್ನು ಕರೆಯುತ್ತೇವಲ್ಲ, ಅದಕ್ಕೂ ಮೊದಲೇ ಆ ಬಾಗಿಲಿಗೆ ಹೋಗೋಣ.

ಸಂಘದಲ್ಲಿ ಚರ್ಚಿಸಿರಿ:
1. ನಮ್ಮ ಓಣಿಯಲ್ಲಿ ಈ ಸಲ ಬಿತ್ತಲಾಗದ ಮನೆ ಯಾವುದು?
2. ಎತ್ತು, ಕೂರಿಗೆ, ಆಳು ಯಾರು ಕೊಡಬಲ್ಲರು? ಯಾವ ದಿನ?
3. ಆ ಮನೆಯವರು ತಮ್ಮಿಂದಾಗುವ ಯಾವ ಕೆಲಸದಿಂದ ಮುಯ್ಯಿ ತೀರಿಸಬಹುದು?

ಅವರು ಕೇಳಲಿ ಎಂದು ಕಾಯುವುದು ಬೇಡ. ಅಷ್ಟರಲ್ಲಿ ನೆಲದ ಹಸಿ ಆರುತ್ತದೆ.