ಕೊಳಚೆ ಪ್ರದೇಶದ ಮಗು ಮತ್ತು ಕುಡಿಯುವ ನೀರು

ಬರಗಾಲದಲ್ಲಿ ಊರು ತೊರೆದು ಬೆಂಗಳೂರಿಗೆ ಬಂದ ಕುಟುಂಬಕ್ಕೆ ಕೂಲಿ ಬೇಗ ದೊರೆಯಬಹುದು. ಶುದ್ಧವಾದ ನೀರು ಅಷ್ಟು ಬೇಗ ದೊರೆಯದು. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮದಂತೆ ಘೋಷಿತವಾದ ಪ್ರದೇಶಗಳಲ್ಲಿ ನಲ್ಲಿ, ಚರಂಡಿ, ಶೌಚಾಲಯಗಳನ್ನು ಒದಗಿಸಲು ಅವಕಾಶವುಂಟು. ಘೋಷಣೆಯಾಗದ ಗುಡಿಸಲುಗಳ ಪಾಡು ಬೇರೆ. ಚರಂಡಿಯ ಪಕ್ಕದ ಒಡೆದ ಕೊಳವೆಯೊಳಗೆ ಕೊಳಚೆ ಸೇರಿದರೆ ಮೊದಲು ಹಾಸಿಗೆ ಹಿಡಿಯುವುದು ಹಸುಳೆ.

ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ನಂಬಿಕೆ ಪ್ರಾಣಾಪಾಯಕರ. ಜೀವಜಲದ ಪೊಟ್ಟಣ ಸಿಗದಿದ್ದಲ್ಲಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ½ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಎದೆಹಾಲನ್ನು ನಿಲ್ಲಿಸಕೂಡದು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮೂತ್ರ ನಿಂತರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯಲ್ಲಿ ತಾಯಿಗೆ ಇದು ಸುಲಭವಲ್ಲವೆಂಬುದನ್ನು ಕಾರ್ಯಕರ್ತೆಯರು ಅರಿತು, ತಾವೇ ಜೊತೆಗೆ ಹೋಗುವುದು ಲೇಸು.